ಅಂಚೆಗೆ ಆಶ್ಬಿ, ಶಾಲೆಗೆ ಮೊರೊ

ಡೆಟ್ರಾಯಿಟ್
೨೯ ಮಾರ್ಚ್ ೧೯೯೪

ಪ್ರೀತಿಯ ಅಪ್ಪ,

ಈ ದಿನ ಬೆಳಿಗ್ಗೆ ಕೆಳಮನೆಯ ರೋಸಾಲಿ ಹೈಸ್ಕೂಲಿಗೆ ಹೊರಡುವಾಗ ನಾನು ಮೆಟ್ಟಿಲ ಮೇಲಿದ್ದೆ. ಪುಸ್ತಕ, ಊಟದ ಪೊಟ್ಟಣ ಎಲ್ಲ ತುಂಬಿಯಾದ ಮೇಲೆ ಅವಳು ಬ್ಯಾಗಿನೊಳಗೆ ಟಾಯ್ಲೆಟ್ ಪೇಪರಿನ ಸುರುಳಿಯೊಂದನ್ನು ಇಟ್ಟು ಜಿಪ್ ಎಳೆದಳು. ನಾನು ನೋಡುತ್ತಿರುವುದು ಗೊತ್ತಾಗಿ, “ಸ್ಕೂಲಲ್ಲಿ ಇರಲ್ಲ” ಎಂದಳು. ಹೊರಗೆ ಚಳಿ ಇದೆ ಎನ್ನುವಷ್ಟು ಸಹಜವಾಗಿ.

ಹಡಗು ಹತ್ತುವ ಮೊದಲು ನೀನು ವಹಿಸಿಹೋದ ಕೆಲಸವನ್ನು ಅಲ್ಲಿಂದಲೇ ಶುರು ಮಾಡಿದೆ ಎಂದುಕೋ. ಸೆಪ್ಟೆಂಬರಿನಲ್ಲಿ ತಂಗಿ ಬರ್ನಿಗೆ ಒಂಬತ್ತನೆಯ ತರಗತಿ. ಮನೆ ಯಾವ ಬೀದಿಯಲ್ಲಿದೆಯೋ ಆ ಬೀದಿಯವರ ಹೈಸ್ಕೂಲೇ ಅವಳಿಗೂ. “ಮೊದಲು ಸ್ಕೂಲು ಆರಿಸು, ಆಮೇಲೆ ಅದಕ್ಕೆ ತಕ್ಕ ಮನೆ ನೋಡೋಣ. ನೀನು ಓದಿದೋಳು, ನಿಂಗೆ ಗೊತ್ತಾಗತ್ತೆ” ಎಂದು ಬಾಗಿಲಲ್ಲಿ ನಿಂತು ಹೇಳಿದೆ. ನಾನು ಓದಿದ್ದು ಕಾದಂಬರಿಗಳನ್ನು, ಅಪ್ಪ. ಶಾಲೆಗಳನ್ನು ಓದುವುದು ಹೇಗೆಂದು ನನಗೆ ತಿಳಿಯದು. ಆದರೂ ಗ್ರಂಥಾಲಯದ ಕೆಲಸ ಮಧ್ಯಾಹ್ನದ ಮೇಲೆ ತಾನೇ ಎಂದು ರೋಸಾಲಿಯ ಹಿಂದೆಯೇ ನಮ್ಮ ಕೆರಿಗನ್ ಹೈಸ್ಕೂಲಿಗೆ ನಡೆದೆ.

ಕಚೇರಿಯಲ್ಲಿ ಬಹಳ ಹೊತ್ತು ನಿಂತಿದ್ದರೂ ಏನು ಬೇಕೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತು. ಕೊನೆಗೆ ಹಾಗೆಯೇ ಒಳಗೆ ನಡೆದೆ, ಯಾರೂ ತಡೆಯಲಿಲ್ಲ. ರಸಾಯನಶಾಸ್ತ್ರದ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಸೂರಿನವರೆಗೂ ಪೇರಿಸಿಟ್ಟಿದ್ದಾರೆ. ಮೇಲಿನ ಮಹಡಿಯಲ್ಲಿ ಒಬ್ಬ ಮೇಷ್ಟರು ಕಥೆಯೊಂದನ್ನು ಗಟ್ಟಿಯಾಗಿ ಓದುತ್ತಿದ್ದರು. ಇಡೀ ತರಗತಿಗೆ ಅದೊಂದೇ ಪ್ರತಿ. ಮಕ್ಕಳು ಕೋಟು ಹಾಕಿಕೊಂಡೇ ಕೂತಿದ್ದರು, ಆದರೆ ಕೇಳುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬಳು, “ಸರ್, ಆ ಪುಟ ಇನ್ನೊಂದ್ಸಲ” ಎಂದಳು. ಇದನ್ನು ಕೆರಿಗನ್ನಿನ ಪರವಾಗಿ ಬರೆಯುತ್ತಿದ್ದೇನೆ. ಪರವಾಗಿ ಬರೆಯಲು ಬೇರೇನೂ ಸಿಗಲಿಲ್ಲ.

ಬರ್ನಿ ಚೆನ್ನಾಗಿದ್ದಾಳೆ. ಅವಳ ಪ್ರಯೋಗಕ್ಕೆ ಅಡುಗೆಮನೆಯ ಪರದೆ ಹೋದ ಮೇಲೆ ಬೇರೇನನ್ನೂ ಸುಟ್ಟಿಲ್ಲ. ಈಸ್ಟರಿಗೆ ಅಮ್ಮನ ಸಮಾಧಿಗೆ ಹೂವಿಟ್ಟು ಬರುತ್ತೇವೆ.

ನಿನ್ನ ಮಗಳು,
ಡೊರೊಟಾ


‘ಹ್ಯಾರಿಸ್ ಲೌಡನ್’ ಹಡಗು, ಹ್ಯೂರನ್ ಸರೋವರ
೧೭ ಏಪ್ರಿಲ್

ಡೊರೊಟಾ,

ಡೆಟ್ರಾಯಿಟ್ ನದಿಯಲ್ಲಿ ಟಪಾಲು ದೋಣಿ ಪಕ್ಕಕ್ಕೆ ಬಂತು. ಹಗ್ಗದಲ್ಲಿ ಬಕೆಟ್ ಇಳಿಬಿಟ್ಟು ಕಾಗದಗಳನ್ನು ಮೇಲೆಳೆದುಕೊಂಡೆವು. ನಿನ್ನದು ಒದ್ದೆಯಾಗಿರಲಿಲ್ಲ.

ಶಾಲೆ ಹೇಗಿದೆ ಎಂದು ಕೇಳಿದರೆ ನೀನು ಬಚ್ಚಲ ಕಾಗದದ ಸುದ್ದಿ ಬರೆಯುತ್ತೀಯ. ಇರಲಿ, ಅರ್ಥವಾಯಿತು. ಕೆರಿಗನ್ ಬೇಡ.

ನಾನು ಹತ್ತನೆಯ ತರಗತಿಯ ನಡುವೆ ಬಿಟ್ಟು ಹಡಗು ಸೇರಿದವನು. ಒಳ್ಳೆಯ ಹೈಸ್ಕೂಲು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿರುವವರನ್ನು ಕೇಳುತ್ತೇನೆ. ನಮ್ಮ ಕ್ಯಾಪ್ಟನ್ನಿನ ಕೆಳಗಿನ ಅಧಿಕಾರಿ ಓಸ್ಕರ್ ಲುಂಡ್ ಆಶ್ಬಿ ಎಂಬ ಊರಿನವನು. ಅವನ ಮಗಳು ಆಶ್ಬಿ ಹೈಸ್ಕೂಲಿನಲ್ಲಿ ಓದಿ ಈಗ ಸಿಯಾಟಲಿನಲ್ಲಿ ಎಂಜಿನಿಯರ್. ನಾನು ಚುಕ್ಕಾಣಿ ಹಿಡಿದು ನಿಂತರೆ ಸಾಕು, ಪಕ್ಕಕ್ಕೆ ಬಂದು ಆ ಶಾಲೆಯ ವರ್ಣನೆ ಶುರು ಮಾಡುತ್ತಾನೆ. “ವಿಟೋಲ್ಡ್, ಅಲ್ಲಿ ಲ್ಯಾಬಲ್ಲಿ ಗ್ಯಾಸಿನ ನಲ್ಲಿ ತಿರುಗಿಸಿದ್ರೆ ಗ್ಯಾಸೇ ಬರತ್ತಪ್ಪಾ!” ಬೇರೆಯವರು ಸ್ವರ್ಗದ ವಿಷಯ ಮಾತಾಡುವ ಹಾಗೆ.

ಆಶ್ಬಿಯನ್ನು ನೋಡಿ ಬಾ. ಪಕ್ಕದ ಮೊರೊ ಊರಿನದನ್ನೂ ನೋಡು, ಅಲ್ಲಿ ಮನೆಗಳು ಅಗ್ಗವಂತೆ. ಎಷ್ಟು ಮಕ್ಕಳು ಕಾಲೇಜಿಗೆ ಹೋಗುತ್ತಾರೆ ಕೇಳು. ನಿಂತು ನೋಡಿಕೊಂಡು ಬರಬೇಡ, ಬಾಯಿ ಬಿಟ್ಟು ಕೇಳು.

ಪರದೆ ಸುಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ ಎಂದು ಬರ್ನಿಗೆ ಹೇಳು. ಯಾವ ಪುಡಿ ಹಾಕಿದಳು ಎಂದು ಬರೆಯಲಿ. ಇಲ್ಲಿ ಎಂಜಿನ್ ಕೋಣೆಯವರಿಗೆಲ್ಲ ಕುತೂಹಲ.

ಅಪ್ಪ


ಡೆಟ್ರಾಯಿಟ್
೮ ಮೇ

ಪ್ರೀತಿಯ ಅಪ್ಪ,

ಎರಡೂ ಶಾಲೆ ನೋಡಿದೆ. ಒಂದನ್ನು ಒಬ್ಬಳೇ, ಒಂದನ್ನು ಬರ್ನಿಯ ಜೊತೆ.

ಮೊರೊ ಮೊದಲು. ಅಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆ ಮುಚ್ಚಿದ ಮೇಲೆ ಊರಿನವರು ಶಾಲೆಯ ತೆರಿಗೆ ಬೇಡವೆಂದು ಮತ ಹಾಕಿದರು, ಮರುವರ್ಷವೂ ಹಾಗೇ ಹಾಕಿದರು. ಹಾಗಾಗಿ ಶಾಲೆ ಊಟದ ಹೊತ್ತಿಗೇ ಮುಗಿಯುತ್ತದೆ. ಚಿತ್ರಕಲೆ ಇಲ್ಲ, ಸಂಗೀತ ಇಲ್ಲ, ವಿಜ್ಞಾನ ಇದ್ದೂ ಇಲ್ಲದ ಹಾಗೆ. ಗ್ರಂಥಾಲಯಕ್ಕೆ ಬೀಗ. ಗಾಜಿನ ಬಾಗಿಲಿನಾಚೆ ಪುಸ್ತಕಗಳು ಅಚ್ಚುಕಟ್ಟಾಗಿ ನಿಂತಿದ್ದವು. ಬೆನ್ನಿನ ಮೇಲಿನ ಹೆಸರುಗಳನ್ನು ಓದುತ್ತ ನಿಂತಿದ್ದೆ. ಕಸ ಗುಡಿಸುತ್ತಿದ್ದವರು ಬಂದು, “ಒಳಗೆ ಹೋಗೋ ಹಾಗಿಲ್ಲಮ್ಮ, ಲೈಬ್ರರಿ ಮೇಡಂನ ತೆಗೆದ್ಬಿಟ್ರಲ್ಲ” ಎಂದರು. ಕಾಲೇಜಿಗೆ ಎಷ್ಟು ಮಂದಿ ಹೋಗುತ್ತಾರೆಂದು ನೀನು ಹೇಳಿದ ಹಾಗೆ ಬಾಯಿ ಬಿಟ್ಟು ಕೇಳಿದೆ. ಕಚೇರಿಯ ಹೆಂಗಸು, “ಯಾಕೆ, ನೀವು ಪೇಪರ್‌ನೋರಾ?” ಎಂದರು. ಮೂರರಲ್ಲಿ ಮೊರೊ ಕೊನೆಯದು, ಕೆರಿಗನ್ನಿಗಿಂತ ಕೆಳಗೆ. ಕೆರಿಗನ್ನಿನಲ್ಲಿ ಕೇಳುವ ಮಕ್ಕಳಾದರೂ ಕಂಡಿದ್ದರು.

ಆಶ್ಬಿಯಲ್ಲಿ ಹೊಸ ಮಕ್ಕಳಿಗಾಗಿ ಶಾಲೆ ತೋರಿಸುವ ಸಂಜೆ ಇಟ್ಟಿದ್ದರು. ಬಾಗಿಲಲ್ಲೇ ಒಬ್ಬ ಮೇಡಂ ನಗುತ್ತ ಕೈ ಕುಲುಕಿದರು. ನಾವು ಏನು ಕೇಳಿದರೂ ಅವರ ಮೊದಲ ಮಾತು, “ನಿಮ್ಮ ಮನೆ ಯಾವ ಬೀದೀಲಿ?” ಎಂದೇ. ಈಗ ಹುಡುಕುತ್ತಿದ್ದೇವೆ ಎಂದಾಗ ನಗು ಹೋಗಲಿಲ್ಲ, ಆದರೆ ಕಣ್ಣು ನಮ್ಮ ಹಿಂದಿನವರ ಕಡೆ ಹೋಯಿತು.

ರಸಾಯನಶಾಸ್ತ್ರದ ಕೋಣೆಯಲ್ಲಿ ಬರ್ನಿ ಕಾಣಲಿಲ್ಲ. ತಿರುಗಿ ನೋಡಿದರೆ ಕೊನೆಯ ಮೇಜಿನ ಹತ್ತಿರ ಬಗ್ಗಿ ನಿಂತಿದ್ದಾಳೆ. ಸಣ್ಣಗೆ ಬುಸ್ ಎಂಬ ಸದ್ದು.

“ಡೋರಾ, ಬರ್ತಿದೆ ಕಣೇ.”

“ಏನು?”

“ಗ್ಯಾಸು. ನಿಜವಾಗ್ಲೂ ಬರ್ತಿದೆ.”

“ಮುಚ್ಚೇ, ಎಲ್ರೂ ಸಾಯ್ತೀವಿ.”

“ಒಂದ್ನಿಮಿಷ ಇರು, ವಾಸನೆ ನೋಡ್ತಿದೀನಿ.”

ಅಮ್ಮ ಹೋದ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಇಷ್ಟು ಸಾಕಲ್ಲವೇ, ಅಪ್ಪ? ಕಾಲೇಜಿಗೆ ಎಷ್ಟು ಮಂದಿ ಹೋಗುತ್ತಾರೆಂದು ಅಲ್ಲಿ ಕೇಳಲಿಲ್ಲ. ಹೋಗದವರು ಎಷ್ಟೆಂದು ಕೇಳಬೇಕಾಗಿತ್ತೇನೋ.

ಮಾರನೆಯ ದಿನ ಆಶ್ಬಿಯ ಮನೆಗಳನ್ನು ತೋರಿಸುವ ಶ್ರೀಮತಿ ಪ್ರುಯಿಟ್ ಅವರ ಕಚೇರಿಗೆ ಹೋದೆ. ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಅವರು ಹೇಳುವಂತಿಲ್ಲ. “ಅದು ನನ್ನ ಬಾಯಲ್ಲಿ ಬರೋ ಹಾಗಿಲ್ಲ ನೋಡಮ್ಮಾ, ಕಾನೂನು. ನಾನು ಅಡುಗೆಮನೆ ಬಗ್ಗೆ ಹೇಳ್ತೀನಿ, ಛಾವಣಿ ಬಗ್ಗೆ ಹೇಳ್ತೀನಿ. ಸ್ಕೂಲಿನ ವಿಷಯ ನೀವೇ ವಿಚಾರಿಸ್ಕೋಬೇಕು” ಎಂದರು. ಆಮೇಲೆ ಮನೆಗಳ ಬೆಲೆ ತೋರಿಸಿದರು. ಶಾಲೆಯ ವಿಷಯ ಅದೇ ಹೇಳಿತು. ಅವರು ತೋರಿಸಿದ ಯಾವ ಮನೆಯೂ ನಮ್ಮ ಕೈಗೆ ಎಟುಕುವುದಲ್ಲ.

ಬರ್ನಿಗೆ ಇದನ್ನು ಇನ್ನೂ ಹೇಳಿಲ್ಲ. ಪರದೆ ಸುಟ್ಟದ್ದು ಸಕ್ಕರೆ ಮತ್ತು ತೋಟಕ್ಕೆ ಹಾಕುವ ಗೊಬ್ಬರದ ಪುಡಿಯಂತೆ. ಎಂಜಿನ್ ಕೋಣೆಯವರು ದಯವಿಟ್ಟು ಪ್ರಯತ್ನಿಸುವುದು ಬೇಡ.

ಡೊರೊಟಾ


ಟೊಲೀಡೊ ಬಂದರು
೧೨ ಜೂನ್

ನನ್ನ ಡೊರೊಟಾ, ನನ್ನ ಬರ್ನಿ,

ಇಬ್ಬರೂ ಕೂತು ಓದಿ. ಮನೆ ಸಿಕ್ಕಿತು.

ನಿನ್ನ ಪತ್ರವನ್ನು ಲುಂಡನಿಗೆ ಓದಿ ಹೇಳಿದೆ. ಗ್ಯಾಸಿನ ನಲ್ಲಿಯ ಭಾಗಕ್ಕೆ ಅವನು ಮೇಜು ಕುಟ್ಟಿ ನಕ್ಕ. ಆಮೇಲೆ, “ನಮ್ಮ ಚಿಕ್ಕಮ್ಮನ ಮನೆ ಖಾಲಿ ಬಿದ್ದಿದೆಯಲ್ಲೋ ವಿಟೋಲ್ಡ್. ಚಿಕ್ಕದು. ಅವಳಿಗೆ ಮಕ್ಕಳಿರಲಿಲ್ಲ, ಈಗ ನಂಗೇ ಬಂದಿದೆ. ಬೇರೆಯವರಿಗೆ ಕೊಡೋ ಬದಲು ನಿಂಗೇ ಕೊಡ್ತೀನಿ” ಎಂದ. ಬೆಲೆಯನ್ನು ನಮಗೆ ಆಗುವ ಹಾಗೇ ಹೇಳಿದ. ಇಲ್ಲಿ ಕಲ್ಲಿದ್ದಲು ತುಂಬುತ್ತಿದ್ದಾಗ ದಡಕ್ಕಿಳಿದು ವಕೀಲರ ಮುಂದೆ ಸಹಿ ಮಾಡಿದೆವು. ನಮ್ಮ ಮೇಲ್ಮನೆಯನ್ನು ರೋಸಾಲಿಯ ಅಪ್ಪನೇ ತೆಗೆದುಕೊಳ್ಳುತ್ತಾರೆ, ಫೋನಿನಲ್ಲಿ ಮಾತಾಡಿದ್ದೇನೆ. ಜುಲೈ ಕೊನೆಗೆ ನೀವು ಸಾಮಾನು ಸಾಗಿಸಬಹುದು.

ಮನೆ ನೋಡದೆ ಕೊಂಡೆ ಎಂದು ಬೈಯಬೇಡ. ನೋಡಬೇಕಾದದ್ದನ್ನು ನೋಡಿದೆ. ಲುಂಡನ ಚಿಕ್ಕಮ್ಮನಿಗೆ ಬಂದ ಕಾಗದಗಳ ಕಟ್ಟೇ ಅವನ ಹತ್ತಿರ ಇತ್ತು. ಪ್ರತಿ ಲಕೋಟೆಯ ಮೇಲೂ ವಿಳಾಸ ಸ್ಪಷ್ಟವಾಗಿದೆ. ಟ್ಯಾಮರಾಕ್ ಬೀದಿ, ಆಶ್ಬಿ, ಮಿಶಿಗನ್. ಮುಂದಿನ ಪತ್ರವನ್ನು ಆ ವಿಳಾಸಕ್ಕೆ ಬರೆಯುತ್ತೇನೆ. ಈಗಲೇ ಇಲ್ಲೊಂದು ತುಂಡು ಕಾಗದದ ಮೇಲೆ ಬರೆದು ನೋಡಿದೆ. ನನ್ನ ಕೈಬರಹ ಚೆನ್ನಾಗಿ ಕಾಣಿಸಿತು.

ಅಮ್ಮ ಇದ್ದಿದ್ದರೆ ಎಂದು ಬರೆಯಲು ಹೋಗಿ ಬಿಟ್ಟೆ.

ನಿಮ್ಮ ಅಪ್ಪ


ಟ್ಯಾಮರಾಕ್ ಬೀದಿ, ಆಶ್ಬಿ
೧೭ ಆಗಸ್ಟ್

ಪ್ರೀತಿಯ ಅಪ್ಪ,

ಮನೆ ಚೆನ್ನಾಗಿದೆ. ಅದನ್ನು ಮೊದಲು ಹೇಳಬೇಕು. ಹಿತ್ತಲಲ್ಲಿ ಸೇಬಿನ ಮರವಿದೆ. ನಿನ್ನ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆ. ಬರ್ನಿ ನೆಲಮಾಳಿಗೆಯನ್ನು ಪ್ರಯೋಗಶಾಲೆ ಎಂದು ಕರೆದು ಬಾಗಿಲ ಮೇಲೆ ಹಾಗೆಯೇ ಬರೆದಿದ್ದಾಳೆ.

ನಿನ್ನೆ ಅವಳನ್ನು ಸೇರಿಸಲು ಶಾಲೆಗೆ ಹೋಗಿದ್ದೆವು. ಮನೆಯ ಪತ್ರ, ಅವಳ ಜನನದ ದಾಖಲೆ, ಚುಚ್ಚುಮದ್ದಿನ ಚೀಟಿ ಎಲ್ಲ ತೆಗೆದುಕೊಂಡು ಹೋಗಿದ್ದೆ. ಬರ್ನಿ ಕೂದಲಿಗೆ ಕ್ಲಿಪ್ ಹಾಕಿದ್ದಳು. ಅದು ಎಷ್ಟು ಅಪರೂಪ ಎಂದು ನಿನಗೆ ಗೊತ್ತು. ಕೌಂಟರಿನ ಹಿಂದೆ ವಯಸ್ಸಾದ ಹೆಂಗಸು, ಕನ್ನಡಕ ಎದೆಯ ಮೇಲೆ ತೂಗುತ್ತಿತ್ತು. ವಿಳಾಸ ಓದಿ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು.

“ಟ್ಯಾಮರಾಕಾ? ನಾಲೆ ದಾಟಿದ ಮೇಲಾ, ದಾಟೋಕೆ ಮುಂಚೇನಾ?”

“ದಾಟಿದ ಮೇಲೆ.”

“ಅಯ್ಯೋ ತಾಯಿ.”

ಮೇಜಿನ ಖಾನೆಯಿಂದ ನಕ್ಷೆಯೊಂದನ್ನು ತೆಗೆದು ಹರಡಿದರು. ಅದರ ಮೇಲೆ ದಪ್ಪ ಹಸಿರು ಗೆರೆ. ಉಗುರಿನಿಂದ ಅದನ್ನೇ ಹಿಡಿದು ಬಂದು ನಮ್ಮ ಮನೆಯ ಹಿಂದೆ ನಿಲ್ಲಿಸಿದರು. “ನಮ್ಮ ಸ್ಕೂಲಿನ ಲೈನು ನಿಮ್ಮ ಹಿತ್ತಲ ಬೇಲಿ ಮೇಲೇ ಹೋಗಿದೆ ನೋಡು. ನೀವು ಆ ಕಡೆ. ಅಂಚೆಗೆ ಆಶ್ಬಿ, ಶಾಲೆಗೆ ಮೊರೊ.”

ನಾನು ಲಕೋಟೆ ತೋರಿಸಿದೆ. ನೀನು ಬರೆದದ್ದೇ. ಅದರಲ್ಲಿ ಆಶ್ಬಿ ಎಂದಿದೆಯಲ್ಲ ಎಂದೆ.

“ಅದು ಅಂಚೆಯೋರ ಲೆಕ್ಕ. ಯಾವ ಬೀದಿ ಕಾಗದ ಯಾವ ಆಫೀಸಿಂದ ಹಂಚೋದು ಹತ್ರ ಆಗತ್ತೋ ಆ ಊರಿನ ಹೆಸರು ಹಾಕ್ಕೋತಾರೆ. ಸ್ಕೂಲಿಗೂ ಅದಕ್ಕೂ ಸಂಬಂಧ ಇಲ್ಲ. ಪ್ರತಿ ಬೇಸಿಗೇಲೂ ಯಾರಾದ್ರೂ ಒಬ್ರು ಹೀಗೆ ಬಂದು ನಿಲ್ತಾರೆ” ಎಂದರು. ಅವರ ದನಿಯಲ್ಲಿ ಗಡುಸು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬರ್ನಿ, “ನಾನು ಬೇಲಿ ಹಾರಿ ಬಂದ್ರೆ?” ಎಂದಳು.

ಆ ಹೆಂಗಸು ನಕ್ಕುಬಿಟ್ಟರು. ಆಮೇಲೆ, “ಎಲ್ಲಿಂದ ಹಾರಿದೆ ಅನ್ನೋದೇ ಮುಖ್ಯ ಕಂದಾ. ರಾತ್ರಿ ಯಾರ ಮನೇಲಿ ಮಲಗ್ತೀಯೋ ಅದು. ಅಪ್ಪ ಅಮ್ಮನ ಮನೆ, ಇಲ್ಲಾಂದ್ರೆ ಕೋರ್ಟಿನೋರು ಗೊತ್ತು ಮಾಡಿದ ಪೋಷಕರ ಮನೆ. ಬೇರೆ ದಾರಿ ಇಲ್ಲ” ಎಂದರು.

ಲುಂಡ್ ಅವರ ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಆ ಮನೆ ಯಾವ ಶಾಲೆಗೆ ಸೇರುತ್ತದೆಂದು ಅಷ್ಟು ವರ್ಷ ಯಾರಿಗೂ ಕೇಳುವ ಪ್ರಮೇಯ ಬಂದಿರಲಿಲ್ಲ. ಅವರನ್ನು ನೀನು ಏನೂ ಅನ್ನಬೇಡ.

ಬರುತ್ತ ದಾರಿಯಲ್ಲಿ ಬರ್ನಿ ಕ್ಲಿಪ್ ತೆಗೆದು ಜೇಬಿಗೆ ಹಾಕಿಕೊಂಡಳು. ಸಂಜೆ ಆಶ್ಬಿಯ ಮಕ್ಕಳು ಬ್ಯಾಂಡ್ ಅಭ್ಯಾಸ ಮಾಡುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಒಂದೇ ಹಾಡಿನ ಮೊದಲ ಭಾಗವನ್ನು ಮತ್ತೆ ಮತ್ತೆ ಬಾರಿಸುತ್ತಾರೆ.

ಡೊರೊಟಾ


ಸುಪೀರಿಯರ್ ಸರೋವರ
೯ ಸೆಪ್ಟೆಂಬರ್

ಡೊರೊಟಾ,

ನಿನ್ನ ಪತ್ರ ತಲುಪಿ ಬಹಳ ದಿನವಾಯಿತು. ಬರೆಯಲು ಕೂತೆ, ಎದ್ದೆ.

ಟಪಾಲು ದೋಣಿಯವನನ್ನು ಕೇಳಿದೆ. ಅವನಿಗೂ ಗೊತ್ತಿತ್ತು. “ಆ ಹೆಸ್ರು ನಾವು ಕಾಗದ ವಿಂಗಡಿಸೋಕೆ ಇಟ್ಕೊಂಡಿರೋದು ಗುರೂ, ಅದನ್ನ ನಂಬಿ ಯಾರಾದ್ರೂ ಮನೆ ತಗೋತಾರಾ?” ಎಂದ. ನಗುತ್ತ ಹೇಳಿದ. ನನ್ನ ವಿಷಯ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ದೊಡ್ಡವನಾದಾಗಿನಿಂದ ನನ್ನ ವಿಳಾಸವೆಂದರೆ ಹಡಗಿನ ಹೆಸರು ಮತ್ತು ಅಂಚೆ ಕಚೇರಿ, ಅಷ್ಟೇ. ಕಾಗದ ಎಲ್ಲಿಗೆ ಬರುತ್ತದೋ ಮನುಷ್ಯ ಅಲ್ಲಿಯವನು ಎಂದುಕೊಂಡಿದ್ದೆ.

ಲುಂಡ್ ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾನೆ. ಮನೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಆದರೆ ನಾವು ಕೊಟ್ಟ ಹಣ ಅವನ ಮಗಳ ಕಾಲೇಜಿನ ಸಾಲಕ್ಕೆ ಹೋಗಿಯಾಗಿದೆ. ನಮ್ಮ ಹಳೆಯ ಮನೆಗೆ ರೋಸಾಲಿಯ ಅಜ್ಜಿ ಬಂದು ಸೇರಿಯಾಗಿದೆ.

ಬರ್ನಿಯನ್ನು ಮೊರೊಗೆ ಸೇರಿಸಿದೆಯಾ? ಸೇರಿಸಲೇಬೇಕಲ್ಲ. ಅಲ್ಲಿ ಏನು ಕಲಿಸುತ್ತಾರೆ ಬರಿ. ಟಾಯ್ಲೆಟ್ ಪೇಪರಿನ ಸುದ್ದಿಯಾದರೂ ಸರಿ, ಬರಿ.

ಅಪ್ಪ


ಟ್ಯಾಮರಾಕ್ ಬೀದಿ
೩೦ ಸೆಪ್ಟೆಂಬರ್

ಪ್ರೀತಿಯ ಅಪ್ಪ,

ಮೊರೊದಲ್ಲಿ ವಿಜ್ಞಾನದ ಮೇಷ್ಟರು ಇಲ್ಲ. ದಿನಕ್ಕೊಬ್ಬರು ಬಂದು ಹಾಜರಿ ತೆಗೆದುಕೊಂಡು ಹೋಗುತ್ತಾರೆ. ಕಳೆದ ವಾರ ಬಂದವರು ಸರೋವರಗಳ ಚಿತ್ರಕ್ಕೆ ಬಣ್ಣ ತುಂಬಿಸಿದರು. ಒಂಬತ್ತನೆಯ ತರಗತಿಯವರಿಂದ. ಬರ್ನಿ ನೀನು ಹಾದುಹೋಗುವ ದಾರಿಯನ್ನು ಕೆಂಪು ಬಣ್ಣದಲ್ಲಿ ಎಳೆದು ತಂದಿದ್ದಳು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ತಪ್ಪುಗಳಿದ್ದರೆ ತಿದ್ದು.

ಮಧ್ಯಾಹ್ನ ಮನೆಗೆ ಬಂದವಳು ನೆಲಮಾಳಿಗೆಗೆ ಇಳಿಯುವುದಿಲ್ಲ. ಟೀವಿಯ ಮುಂದೆ ಮಲಗಿರುತ್ತಾಳೆ. ಏನು ಕಲಿತೆ ಎಂದರೆ, “ಗೆರೆ ದಾಟದ ಹಾಗೆ ಬಣ್ಣ ತುಂಬೋದು” ಎನ್ನುತ್ತಾಳೆ. ಮೊದಲು ನಕ್ಕಿದ್ದೆ. ಈಗ ಅವಳು ದಿನವೂ ಅದನ್ನೇ ಹೇಳುತ್ತಾಳೆ.

ಇನ್‌ಗ್ರಿಡ್ ಲುಂಡ್ ಬಂದಿದ್ದರು. ಗಂಡ ಬರೆದದ್ದು ಓದಿದ ದಿನದಿಂದ ನಿದ್ದೆ ಇಲ್ಲವಂತೆ. ಏಲಕ್ಕಿ ಹಾಕಿದ ಬ್ರೆಡ್ಡು ತಂದಿದ್ದರು, ಅದನ್ನು ಮೇಜಿನ ಮೇಲಿಟ್ಟು ಕೋಟು ತೆಗೆಯದೆ ಕೂ‌ತರು. “ನಮ್ಮನೇಲಿ ಮಗಳ ಕೋಣೆ ಖಾಲಿ ಇದೆ. ಇವಳು ನಮ್ಮ ಹತ್ರ ಇರ್ಲಿ. ಸುಳ್ಳು ವಿಳಾಸ ಅಲ್ಲ, ನಿಜವಾಗ್ಲೂ ಇರ್ಲಿ. ಕೋರ್ಟಿನಲ್ಲಿ ನಾವೇ ಪೋಷಕರು ಅಂತ ಬರೆಸ್ಕೊಂಡ್ರೆ ಸ್ಕೂಲಿನೋರು ಏನೂ ಅನ್ನೋ ಹಾಗಿಲ್ಲ” ಎಂದರು. ಅವರು ಒಳ್ಳೆಯವರು, ಅಪ್ಪ. ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

ನಾನು ಕಾಫಿಗೆ ನೀರಿಡಲು ಎದ್ದೆ. ಅಷ್ಟರಲ್ಲಿ ಟೀವಿಯ ಮುಂದಿನಿಂದ ಬರ್ನಿ, “ಹೋಗ್ತೀನಿ” ಎಂದಳು. ತಲೆ ಎತ್ತದೆ ಹೇಳಿದಳು.

ಇನ್‌ಗ್ರಿಡ್ ಹೋದ ಮೇಲೆ ನನ್ನ ಹತ್ತಿರ ಬಂದು, “ನಿಂಗೆ ಬೇಜಾರಾ?” ಎಂದಳು.

“ಇಲ್ಲ.”

“ಬೇಜಾರಾದ್ರೆ ಹೇಳು. ಆದ್ರೂ ಹೋಗ್ತೀನಿ. ಹೇಳು ಅಷ್ಟೇ.”

ನೀನು ಯೋಚಿಸಿ ತಿಳಿಸು.

ಡೊರೊಟಾ


ಡುಲೂತ್ ಬಂದರು
೧೧ ಅಕ್ಟೋಬರ್

ಡೊರೊಟಾ,

ಲುಂಡ್ ಮತ್ತೆ ಊಟಕ್ಕೆ ಬಂದು ಕೂತ.

ಇಲ್ಲಿ ನಾವಿಕರ ಸಂಘದ ವಕೀಲರನ್ನು ಕಂಡೆ. ನಾನು ಒಪ್ಪಿ ಸಹಿ ಮಾಡಿದರೆ ಕೆಲಸ ಸುಲಭ, ವರ್ಷದ ಹೆಚ್ಚು ಭಾಗ ನೀರಿನ ಮೇಲಿರುವ ತಂದೆ ಮಗುವನ್ನು ಗೆಳೆಯನ ಮನೆಯಲ್ಲಿ ಬಿಡುವುದು ಹೊಸತೇನಲ್ಲ ಎಂದರು. ನನಗೆ ಉಸಿರು ಬಂತು. ಆಮೇಲೆ ಎರಡು ಮಾತು ಹೇಳಿದರು. ಶಾಲೆಗಾಗಿ ಎಂದು ಬಾಯಿ ಬಿಡಬಾರದು. ಬರೀ ಶಾಲೆಯ ಸಲುವಾಗಿ ಪೋಷಕರನ್ನು ಬದಲಿಸಲು ನ್ಯಾಯಾಧೀಶರು ಒಪ್ಪುವುದಿಲ್ಲ. ಅದು ಒಂದು.

ಇನ್ನೊಂದು. “ಈಗ ಮನೆಯಲ್ಲಿ ದೊಡ್ಡವರು ಯಾರಿದ್ದಾರೆ?” ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಇಪ್ಪತ್ತಮೂರು ವರ್ಷ, ಓದಿದವಳು, ಕೆಲಸವಿದೆ, ಕುಡಿಯುವುದಿಲ್ಲ, ತಂಗಿಯೆಂದರೆ ಪ್ರಾಣ ಎಂದೆ. ಹೇಳುತ್ತ ಹೇಳುತ್ತ ನನಗೆ ಹೆಮ್ಮೆಯಾಯಿತು. ಅವರು ಪೆನ್ನು ಕೆಳಗಿಟ್ಟರು.

ಅಂಥವಳು ಮನೆಯಲ್ಲಿದ್ದರೆ ಬೇರೆ ಪೋಷಕರು ಯಾಕೆ ಎಂದು ಯಾರಾದರೂ ಕೇಳುತ್ತಾರಂತೆ. ವಿಚಾರಣೆಗೆ ಮೊದಲು ಕೋರ್ಟಿನವರು ಮನೆಗೂ ಬರುತ್ತಾರಂತೆ. ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದು ನೀನು ಹೇಳಬೇಕಾಗುತ್ತದೆ. ಅಕ್ಕ ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಬರ್ನಿಯೂ ಹೇಳಬೇಕಾಗುತ್ತದೆ. ಅರ್ಜಿಗೆ ಸಹಿ ಹಾಕಿದ್ದೇನೆ, ವಿಚಾರಣೆ ನವೆಂಬರ್ ಎರಡನೆಯ ವಾರ.

ನಾನು ನಿನಗೆ ಹೇಳು ಎನ್ನುತ್ತಿಲ್ಲ. ಬೇಡ ಎಂದೂ ಅನ್ನುತ್ತಿಲ್ಲ. ಬರ್ನಿಯ ಚಿತ್ರ ಬಂತು. ಸೂ ಕಾಲುವೆಯ ಹತ್ತಿರ ಹಡಗಿನ ದಾರಿ ಸ್ವಲ್ಪ ಉತ್ತರಕ್ಕೆ ಹೋಗಬೇಕು, ಉಳಿದದ್ದು ಸರಿಯಾಗಿದೆ.

ಅಪ್ಪ


ಟ್ಯಾಮರಾಕ್ ಬೀದಿ
೨೦ ಅಕ್ಟೋಬರ್

ಅಪ್ಪಾ,

ಇದು ನಾನು, ಬರ್ನಿ. ಡೋರಾ ಲೈಬ್ರರಿಗೆ ಹೋಗಿದ್ದಾಳೆ.

ಕೋರ್ಟಿನಲ್ಲಿ ಹೇಳಬೇಕಾದ ಮಾತನ್ನು ಅವಳೇ ಬರೆದುಕೊಟ್ಟಿದ್ದಾಳೆ. ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತೇವೆ. ಅವಳು ನ್ಯಾಯಾಧೀಶೆ, ಸೌಟು ಹಿಡಿದುಕೊಂಡು ಕೂರುತ್ತಾಳೆ. ನಾನು, “ನಮ್ಮಕ್ಕ ಹೊತ್ತಿಗೆ ಸರಿಯಾಗಿ ಅಡುಗೆ ಮಾಡಲ್ಲ, ನಾನು ಎಲ್ಲಿ ಹೋದೆ ಅಂತ ಕೇಳಲ್ಲ, ಸದಾ ಪುಸ್ತಕ ಹಿಡ್ಕೊಂಡು ಕೂತಿರ್ತಾಳೆ” ಎನ್ನಬೇಕು. ಮೊದಲ ದಿನ ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಪುಸ್ತಕದ ಮಾತೊಂದು ನಿಜ ಎಂದೆ. ಅದಕ್ಕೆ ಸೌಟಿನಲ್ಲಿ ಹೊಡೆದಳು.

ಎರಡನೆಯ ದಿನ ಅವಳು, “ಇನ್ನೂ ನಿಜ ಅನ್ನಿಸೋ ಹಾಗೆ ಹೇಳು” ಎಂದಳು. ಹೇಳಿದೆ. “ಇನ್ನೂ” ಎಂದಳು. ಆಗ ನಾನು ಅವಳು ಬರೆದುಕೊಡದೆ ಇದ್ದದ್ದನ್ನು ಹೇಳಿಬಿಟ್ಟೆ. ಅಮ್ಮ ಸತ್ತ ಮೇಲೆ ನಮ್ಮನೇಲಿ ಯಾರೂ ಯಾರ ಹತ್ರಾನೂ ಮಾತಾಡಲ್ಲ ಅಂತ. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಡೋರಾ ಸೌಟು ತೊಳೆದು ತೂಗುಹಾಕಿದಳು. “ಅದು ಚೆನ್ನಾಗಿದೆ. ಅದನ್ನೇ ಹೇಳು” ಎಂದಳು.

ಅವತ್ತಿನಿಂದ ಅಭ್ಯಾಸ ಇಲ್ಲ. ನನಗೆ ಆಶ್ಬಿ ಬೇಕು ಅಪ್ಪಾ, ತುಂಬಾ ಬೇಕು. ಆದರೆ ಅವಳ ಎದುರಿಗೆ ಅದನ್ನು ಹೇಳಲು ನನಗೆ ಆಗುವುದಿಲ್ಲ ಎನ್ನಿಸುತ್ತದೆ. ಅವಳು ಕೋರ್ಟಿಗೆ ಬರದೇ ಇರುವ ಹಾಗೆ ಮಾಡಲು ಆಗುತ್ತದಾ ಎಂದು ವಕೀಲರನ್ನು ಕೇಳು.

ಬರ್ನಿ

ಇನ್ನೊಂದು, ನಾನು ದಾರಿ ಎಳೆದದ್ದು ಸರಿಯಾಗೇ ಇದೆ. ನೀನೇ ಇನ್ನೊಂದು ಸಲ ನೋಡು.


ಟ್ಯಾಮರಾಕ್ ಬೀದಿ
೩೦ ಅಕ್ಟೋಬರ್

ಪ್ರೀತಿಯ ಅಪ್ಪ,

ಬರ್ನಿ ನಿನಗೆ ಬರೆದದ್ದು ಗೊತ್ತು. ಅಂಚೆಚೀಟಿ ಕೇಳಿದಳು. ಏನು ಬರೆದಳೆಂದು ನಾನು ಕೇಳಲಿಲ್ಲ.

ಕೋರ್ಟಿನಿಂದ ಒಬ್ಬರು ಬಂದು ಹೋದರು. ಚಿಕ್ಕ ವಯಸ್ಸಿನ ಹೆಂಗಸು, ಬೂಟಿಗೆ ಕೆಸರಾಗಿದೆಯೆಂದು ಹೊರಗೇ ಬಿಚ್ಚಿಟ್ಟು ಕಾಲುಚೀಲದಲ್ಲಿ ಮನೆಯೆಲ್ಲ ನೋಡಿದರು. ಫ್ರಿಜ್ ತೆರೆದರು. ಹಿಂದಿನ ದಿನ ನಾನು ಎಲೆಕೋಸಿನ ಸುರುಳಿ ಮಾಡಿದ್ದೆ, ಅಮ್ಮ ಮಾಡುವ ಹಾಗೆ, ದೊಡ್ಡ ಪಾತ್ರೆಯ ತುಂಬ. ಮಾಡಬಾರದಿತ್ತು ಎಂದು ಆಗ ಹೊಳೆಯಿತು. ಬರ್ನಿಯ ಬಟ್ಟೆಗಳು ಇಸ್ತ್ರಿಯಾಗಿದ್ದವು. ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಹೇಳಿದೆ. ವಕೀಲರು ಹೇಳಿದಂತೆಯೇ ಹೇಳಿದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು, “ನೀವು ಅಂದ್ಕೊಂಡಿರೋದಕ್ಕಿಂತ ಚೆನ್ನಾಗೇ ನೋಡ್ಕೋತಿದೀರಿ. ಹಾಗಂತಾನೇ ಬರೀತೀನಿ, ಧೈರ್ಯವಾಗಿರಿ” ಎಂದರು.

ಅವರು ಹೋದ ಮೇಲೆ ಬಾಗಿಲಿಗೆ ಒರಗಿ ನಿಂತಿದ್ದೆ. ಹೊಗಳಿಕೆ ಕೇಳಿ ಅಳು ಬಂದದ್ದು ಅದೇ ಮೊದಲು. ಬರ್ನಿ ನೆಲಮಾಳಿಗೆಯ ಮೆಟ್ಟಿಲ ಮೇಲಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. “ಆಗ್ಲಿಲ್ಲ ಅಲ್ವಾ?” ಎಂದಳು. ಆಮೇಲೆ ಒಳಗೆ ಹೋಗಿ ಟೀವಿ ಹಾಕಿದಳು.

ಅಪ್ಪ, ಈ ಮಾರ್ಚಿನಿಂದ ನಾನು ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತ ಬಂದಿದ್ದೇನೆ. ಕೆರಿಗನ್, ಮೊರೊ, ಆಶ್ಬಿ. ಕೊನೆಗೆ ಉಳಿದದ್ದು ಎರಡೇ. ನಾನು ಇರುವ ಮನೆ ಮತ್ತು ಇನ್‌ಗ್ರಿಡ್ ಅವರ ಮನೆ. ಅವರ ಮನೆಯಿಂದ ಶಾಲೆಗೆ ನಡೆದೇ ಹೋಗಬಹುದು. ಬರ್ನಿ ಹೋಗುತ್ತೇನೆ ಎಂದ ಮೇಲೆ ನಾನು ತೂಗುವುದು ಏನೂ ಉಳಿದಿರಲಿಲ್ಲ.

ಶುಕ್ರವಾರ ಡೆಟ್ರಾಯಿಟಿಗೆ ಹೋಗಿ ನಾವಿಕರ ಸಂಘದ ಕಚೇರಿಯಲ್ಲಿ ನಿಂತೆ. ಈ ಸಲ ಬಾಯಿ ಬಿಟ್ಟು ಕೇಳಿದೆ. ನವೆಂಬರಿನಲ್ಲಿ ಗಾಳಿಗೆ ಹೆದರಿ ಜನ ಹಡಗು ಬಿಟ್ಟು ಹೋಗುತ್ತಾರಂತೆ, ಅಡುಗೆ ಕೋಣೆಗೆ ಯಾವಾಗಲೂ ಆಳು ಬೇಕಂತೆ. ಪಾತ್ರೆ ತೊಳೆಯುವುದು, ಬಡಿಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು. ಅಲ್ಲಿದ್ದವರು ನನ್ನ ಹೆಸರು ಓದಿ, ಮೆತ್ತಗಿನ ಕೈ ನೋಡಿ, “ವಿಟೋಲ್ಡ್ ಡುಡೆಕ್ ಮಗಳಾ? ಸಮುದ್ರ ಅಲ್ಲ ಅಂತ ಸಸಾರ ಮಾಡ್ಬೇಡ, ವಾಂತಿ ಇಲ್ಲೂ ಬರತ್ತೆ” ಎಂದರು. ಬೆರಳಚ್ಚು ಕೊಟ್ಟು, ಸಹಿ ಮಾಡಿ ಬಂದಿದ್ದೇನೆ. ನಿನ್ನ ಹಡಗಲ್ಲ, ಬೇರೆಯದು. ವಿಚಾರಣೆಯ ಮುಂಚಿನ ಸೋಮವಾರ ಕ್ಲೀವ್‌ಲ್ಯಾಂಡಿನಲ್ಲಿ ಹತ್ತಬೇಕು. ಈ ಹಂಗಾಮು ಮುಗಿದ ಮೇಲೆ ವಸಂತದಲ್ಲಿ ಮತ್ತೆ ತೆಗೆದುಕೊಳ್ಳುತ್ತಾರೆ. ಕೆಲಸ ಬಿಡುತ್ತೇನೆಂದು ಗ್ರಂಥಾಲಯದಲ್ಲಿ ಹೇಳಿಯಾಯಿತು.

ಬರ್ನಿಗೆ ನಾಳೆ ಹೇಳುತ್ತೇನೆ. ಅವಳ ಬಟ್ಟೆಗಳನ್ನು ಭಾನುವಾರ ಇನ್‌ಗ್ರಿಡ್ ಅವರಲ್ಲಿಗೆ ಸಾಗಿಸುತ್ತೇವೆ. ನಾನು ಬರೆದುಕೊಟ್ಟ ಮಾತುಗಳನ್ನೆಲ್ಲ ಅವಳು ಮರೆತುಬಿಡಲಿ. ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರಿದ್ದಾರೆ ಎಂದು ನ್ಯಾಯಾಧೀಶರು ಕೇಳಿದರೆ, ಯಾರೂ ಇಲ್ಲ ಎಂದಷ್ಟೇ ಹೇಳಿದರೆ ಸಾಕು. ಆ ಹೊತ್ತಿಗೆ ಅದು ನಿಜವಾಗಿರುತ್ತದೆ.

ನಿನ್ನ ಮಗಳು,
ಡೊರೊಟಾ